ಕೇಳದೆ ರೀಸ್ಟಾರ್ಟ್ ಆಗುವ ಹಳೆಯ ಕಂಪ್ಯೂಟರ್

ಕಂಪ್ಯೂಟರ್ ರೀಸ್ಟಾರ್ಟ್ ಆಯಿತೆಂದರೆ ಅದರ ಪ್ರೊಸೆಸರಿಗೆ ರೀಸೆಟ್ ಸಂಕೇತ ಬಂದಿದೆ ಎಂದರ್ಥ. ಆ ಸಂಕೇತ ಬಂದ ಕ್ಷಣ ಪ್ರೊಸೆಸರ್ ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ಬಿಡುತ್ತದೆ, ಒಳಗಿದ್ದ ಲೆಕ್ಕವೆಲ್ಲ ಅಳಿಸಿಹೋಗುತ್ತದೆ. ಸಂಕೇತ ತೆರವಾದಾಗ ಅದು ಮೊದಲ ಆದೇಶವನ್ನು ಓದುವುದು ಒಂದೇ ಒಂದು ನಿಗದಿತ ಜಾಗದಿಂದ. ಇಂಟೆಲ್, ಎಎಂಡಿ ಎರಡರಲ್ಲೂ ಅದು 4 ಜಿಬಿ ಗಡಿಗಿಂತ 16 ಬೈಟ್ ಹಿಂದಿನ ವಿಳಾಸ. ಅಲ್ಲಿ ಬಯೋಸ್ ಇರುತ್ತದೆ. ಮುಂದಿನದೆಲ್ಲ ಬೆಳಿಗ್ಗೆ ಸ್ವಿಚ್ ಒತ್ತಿದಾಗ ನಡೆಯುವ ಹಾಗೆಯೇ.

ಹತ್ತು ಹನ್ನೆರಡು ವರ್ಷ ದುಡಿದ ಡೆಸ್ಕ್‌ಟಾಪಿನ ಬಗ್ಗೆ ರಿಪೇರಿ ಅಂಗಡಿಗೆ ಬರುವ ದೂರು ಬಹುತೇಕ ಒಂದೇ ಮಾತಿನಲ್ಲಿರುತ್ತದೆ: ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ, ಯಾವಾಗ ಆಗುತ್ತದೆಂದು ಹೇಳಲು ಬರುವುದಿಲ್ಲ. ಈ ಮಾತಿನ ಎರಡನೆಯ ಭಾಗ ನಿಜ, ಮೊದಲನೆಯದು ಅಲ್ಲ. ರೀಸೆಟ್ ತಾನಾಗಿ ಹುಟ್ಟುವುದಿಲ್ಲ, ಅದನ್ನು ಕೊಡುವವರು ಇದ್ದೇ ಇರುತ್ತಾರೆ. ಕೊಡಬಲ್ಲವರೂ ಬಹಳ ಮಂದಿ ಇಲ್ಲ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಕೊಡಬಹುದು. ಕ್ಯಾಬಿನೆಟ್ ಮುಂಭಾಗದ ಗುಂಡಿ ಕೊಡಬಹುದು. ವಿಂಡೋಸ್ ಅಥವಾ ಲಿನಕ್ಸ್ ತಾನೇ ನಿರ್ಧರಿಸಿ ಕೊಡಬಹುದು. ಕೊನೆಯದಾಗಿ, ಪ್ರೊಸೆಸರ್ ಒಂದು ದೋಷವನ್ನು ನಿಭಾಯಿಸಲು ಹೋಗಿ ಇನ್ನೊಂದು ದೋಷಕ್ಕೆ ಸಿಕ್ಕಿ, ಅದನ್ನು ನಿಭಾಯಿಸುವಾಗ ಮೂರನೆಯದಕ್ಕೆ ಬಿದ್ದರೆ ಕೈಚೆಲ್ಲುತ್ತದೆ. ಆಗ ಮದರ್‌ಬೋರ್ಡಿನ ಚಿಪ್‌ಸೆಟ್ ಅದಕ್ಕೆ ರೀಸೆಟ್ ಕೊಡುತ್ತದೆ. ದೋಷ ಹುಡುಕುವುದೆಂದರೆ ಈ ನಾಲ್ವರಲ್ಲಿ ಯಾರು, ಏಕೆ ಕೊಟ್ಟರು ಎಂದು ಕೇಳುವುದು. ಈ ಪ್ರಶ್ನೆ ಕೇಳದೆ ರ‍್ಯಾಮ್ ಬದಲಿಸುವುದು, ವಿಂಡೋಸ್ ಮತ್ತೆ ಹಾಕುವುದು, ಆಂಟಿವೈರಸ್ ಕೊಳ್ಳುವುದು ಎಲ್ಲವೂ ದುಡ್ಡು ಮತ್ತು ದಿನ ಎರಡನ್ನೂ ನುಂಗುವ ದಾರಿ.

ಯಾವುದಕ್ಕೂ ಮೊದಲು ಫೈಲುಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಡಬೇಕು. ವಿಂಡೋಸಿನ ಎನ್‌ಟಿಎಫ್‌ಎಸ್ ವ್ಯವಸ್ಥೆ ಬರವಣಿಗೆಯ ಮಧ್ಯೆ ವಿದ್ಯುತ್ ಹೋದರೂ ಡಿಸ್ಕಿನ ಚೌಕಟ್ಟನ್ನು ಉಳಿಸಿಕೊಳ್ಳುವಂತೆ ರೂಪುಗೊಂಡಿದೆ. ಆದರೆ ಆ ಕ್ಷಣ ಬರೆಯುತ್ತಿದ್ದ ಫೈಲಿನ ಒಳಗಿನ ವಿಷಯಕ್ಕೆ ಅದು ಹೊಣೆಯಲ್ಲ. ವಾರಕ್ಕೆ ಮೂರು ಸಲ ರೀಸ್ಟಾರ್ಟ್ ಆಗುವ ಯಂತ್ರದಲ್ಲಿ ಅಂಗಡಿಯ ಲೆಕ್ಕಪತ್ರವೋ ಮಕ್ಕಳ ಫೋಟೋಗಳೋ ಒಂದೇ ಪ್ರತಿಯಾಗಿ ಇರಬಾರದು. ನಕಲು ಮುಗಿದ ಮೇಲೆ ಒಂದು ನೋಟ್‌ಬುಕ್ ಬೇಕು. ಪ್ರತಿ ರೀಸ್ಟಾರ್ಟಿನ ದಿನ, ಗಂಟೆ, ಆಗ ತೆರೆದಿದ್ದ ಕೆಲಸ, ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ಮನೆಯಲ್ಲಿ ಫ್ರಿಜ್ಜೋ ಪಂಪೋ ಶುರುವಾಯಿತೇ, ಟ್ಯೂಬ್‌ಲೈಟ್ ಮಿಣುಕಿತೇ ಎಂಬುದನ್ನು ಅದರಲ್ಲಿ ಬರೆಯಬೇಕು. ಎರಡು ವಾರದ ಇಂಥ ಪಟ್ಟಿ ಎಷ್ಟೋ ಸಲ ಯಾವ ಉಪಕರಣವೂ ಕೊಡದ ಸುಳಿವನ್ನು ಕೊಡುತ್ತದೆ.

ವಿಂಡೋಸ್ ಬರೆದಿಟ್ಟ ಸಾಕ್ಷಿ

ನಾಲ್ವರಲ್ಲಿ ಮೊದಲು ವಿಚಾರಿಸಬೇಕಾದದ್ದು ಆಪರೇಟಿಂಗ್ ಸಿಸ್ಟಮನ್ನು. ತಾನು ಮಾಡಿದ್ದನ್ನು ಬರೆದಿಡುವ ಅಭ್ಯಾಸ ಇರುವುದು ಅದಕ್ಕೆ ಮಾತ್ರ. ವಿಂಡೋಸ್ ಒಳಗೆ ಸರಿಪಡಿಸಲಾಗದ ದೋಷ ಕಂಡಾಗ ನೀಲಿ ಪರದೆ ತೋರಿಸುತ್ತದೆ. ಆದರೆ ಅದರ ಮೂಲ ಹೊಂದಾಣಿಕೆಯಲ್ಲಿ 'ದೋಷವಾದರೆ ತಾನಾಗಿ ರೀಸ್ಟಾರ್ಟ್ ಆಗು' ಎಂಬ ಆಯ್ಕೆ ಟಿಕ್ ಆಗಿಯೇ ಬಂದಿರುತ್ತದೆ. ನೀಲಿ ಪರದೆ ಬಂದದ್ದೇ ಕಾಣದಷ್ಟು ಬೇಗ ಯಂತ್ರ ಮತ್ತೆ ಬೂಟ್ ಆಗಿಬಿಡಬಹುದು. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಭಾಗದಲ್ಲಿ, ಸ್ಟಾರ್ಟಪ್ ಆಂಡ್ ರಿಕವರಿ ಎಂಬಲ್ಲಿ ಆ ಟಿಕ್ ತೆಗೆಯುವುದು ಇಡೀ ತನಿಖೆಯ ಅತ್ಯಂತ ಅಗ್ಗದ ಹೆಜ್ಜೆ. ಅದಾದ ಮೇಲೆ ನೀಲಿ ಪರದೆ ಬಂದು ನಿಂತರೆ ಅದರ ಮೇಲಿನ ಕೋಡ್ ಬರೆದುಕೊಳ್ಳಬಹುದು. ಟಿಕ್ ತೆಗೆದ ಮೇಲೂ ಪರದೆ ಕಪ್ಪಾಗಿ ನೇರವಾಗಿ ಬಯೋಸ್ ಲೋಗೋ ಬಂದರೆ ವಿಂಡೋಸಿಗೆ ಸುಳಿವೇ ಸಿಗದಂತೆ ಕೆಳಗಿನಿಂದ ರೀಸೆಟ್ ಬಂದಿದೆ.

ಈವೆಂಟ್ ವ್ಯೂವರಿನ ಸಿಸ್ಟಮ್ ದಾಖಲೆ ಇದನ್ನೇ ಸಂಖ್ಯೆಗಳಲ್ಲಿ ಹೇಳುತ್ತದೆ. 1074 ಎಂದಿದ್ದರೆ ಯಾವುದೋ ಪ್ರೋಗ್ರಾಮ್, ಹೆಚ್ಚಾಗಿ ಅಪ್‌ಡೇಟ್, ಕ್ರಮವಾಗಿ ರೀಸ್ಟಾರ್ಟ್ ಕೇಳಿದೆ. ಅದು ಕಾಯಿಲೆಯೇ ಅಲ್ಲ. 1001 ಸಂಖ್ಯೆಯ ಬಗ್‌ಚೆಕ್ ದಾಖಲೆ ಇದ್ದರೆ ನೀಲಿ ಪರದೆ ಬಂದಿತ್ತು, ಅದರ ವಿವರ ವಿಂಡೋಸ್ ಫೋಲ್ಡರಿನ ಮಿನಿಡಂಪ್‌ನಲ್ಲಿರಬಹುದು. 41 ಎಂಬ ಕರ್ನಲ್-ಪವರ್ ದಾಖಲೆ ಮಾತ್ರ ಬಹಳ ಜನರನ್ನು ದಾರಿ ತಪ್ಪಿಸಿದೆ. ಅದರಲ್ಲಿ ಪವರ್ ಎಂಬ ಪದ ಇದೆಯೆಂದು ಎಸ್‌ಎಂಪಿಎಸ್ ಕೆಟ್ಟಿದೆ ಎಂದು ತೀರ್ಮಾನಿಸುವುದು ಅವಸರ. ಹಿಂದಿನ ಸಲ ಕ್ರಮವಾಗಿ ಶಟ್‌ಡೌನ್ ಆಗಿರಲಿಲ್ಲ ಎಂದಷ್ಟೇ ಅದು ಹೇಳುತ್ತದೆ, ಅದೂ ಮರಳಿ ಬೂಟ್ ಆದ ಮೇಲೆ. ಆ ದಾಖಲೆಯ ವಿವರದಲ್ಲಿ ಬಗ್‌ಚೆಕ್ ಕೋಡ್ 0 ಎಂದಿದ್ದರೆ ನೀಲಿ ಪರದೆಯ ನೆನಪು ಯಂತ್ರಕ್ಕಿಲ್ಲ. ಬೇರೆ ಸಂಖ್ಯೆ ಇದ್ದರೆ ಅದೇ ಮುಂದಿನ ದಾರಿ. ವ್ಹೀಆ-ಲಾಗರ್ ಎಂಬ ಹೆಸರಿನ ದಾಖಲೆಗಳು ಕಂಡರೆ ಪ್ರೊಸೆಸರೇ ಹಾರ್ಡ್‌ವೇರ್ ದೋಷವನ್ನು ಪತ್ತೆ ಮಾಡಿ ವರದಿ ಮಾಡಿದೆ, ಅದನ್ನು ಕಡೆಗಣಿಸಬಾರದು. ಲಿನಕ್ಸಿನಲ್ಲಿ ಹಿಂದಿನ ಬೂಟಿನ ಜರ್ನಲ್ ಓದಿದರೆ ಸಾಕು. ಸೇವೆಗಳು ಒಂದೊಂದಾಗಿ ನಿಂತ ಸಾಲುಗಳಿಲ್ಲದೆ ಬರಹ ಮಧ್ಯದಲ್ಲೇ ಕತ್ತರಿಸಿದ್ದರೆ ಹೊಡೆತ ಹೊರಗಿನದು.

ಸಾಫ್ಟ್‌ವೇರಿನಿಂದ ರೀಸ್ಟಾರ್ಟ್ ಆಗುವುದೇ ಇಲ್ಲ ಎಂದಲ್ಲ. 2003ರ ಆಗಸ್ಟಿನಲ್ಲಿ ಹರಡಿದ ಬ್ಲಾಸ್ಟರ್ ವರ್ಮ್ ವಿಂಡೋಸ್ ಎಕ್ಸ್‌ಪಿಯ ಒಂದು ಸೇವೆಯನ್ನು ಕೆಡವಿ, 60 ಸೆಕೆಂಡಿನ ಎಣಿಕೆ ತೋರಿಸಿ ಯಂತ್ರವನ್ನು ರೀಸ್ಟಾರ್ಟ್ ಮಾಡಿಸುತ್ತಿತ್ತು. ಮರುವರ್ಷದ ಸ್ಯಾಸರ್ ಕೂಡ ಹಾಗೆಯೇ. ರೀಸ್ಟಾರ್ಟ್ ಎಂದರೆ ವೈರಸ್ ಎಂಬ ನಂಬಿಕೆ ಗಟ್ಟಿಯಾದದ್ದು ಆ ಕಾಲದಲ್ಲಿ. ಇಂದಿನ ಹಳೆಯ ಯಂತ್ರಗಳಲ್ಲಿ ಸಾಫ್ಟ್‌ವೇರ್ ಪಾಲು ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರಿನದು, ಅದೂ ನೀಲಿ ಪರದೆಯ ಕುರುಹು ಬಿಟ್ಟೇ ಹೋಗುತ್ತದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ಕೆಲವು ದಿನ ಕೆಲಸ ಮಾಡಿದರೆ ಅನುಮಾನ ತೀರುತ್ತದೆ. ಅಲ್ಲೂ ರೀಸ್ಟಾರ್ಟ್ ಆದರೆ ವಿಂಡೋಸ್ ನಿರ್ದೋಷಿ.

ಗೋಡೆಯಿಂದ ಬೋರ್ಡಿನವರೆಗೆ

ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ ಕೊಡುವುದು ಬರೀ ವಿದ್ಯುತ್ ಅಲ್ಲ, ಒಂದು ಮಾತನ್ನೂ ಕೊಡುತ್ತದೆ. 24 ಪಿನ್ನಿನ ದಪ್ಪ ಕನೆಕ್ಟರಿನಲ್ಲಿ ಹಳದಿ ತಂತಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ಕಪ್ಪು ನೆಲ. ಇವುಗಳ ನಡುವೆ ಬೂದು ಬಣ್ಣದ ಒಂಟಿ ತಂತಿ ಇದೆ. ಅದರ ಹೆಸರು ಪವರ್ ಗುಡ್. ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಮಾದರಿಯ ಪ್ರಕಾರ, ಮುಖ್ಯ ವೋಲ್ಟೇಜುಗಳು ನಿಗದಿತ ಮಿತಿಯೊಳಗೆ ಬಂದು ನಿಂತ ಮೇಲೆ, 100ರಿಂದ 500 ಮಿಲಿಸೆಕೆಂಡ್ ಕಳೆದು ಈ ತಂತಿ 5 ವೋಲ್ಟಿಗೆ ಏರುತ್ತದೆ. ಅಲ್ಲಿಯವರೆಗೆ ಪ್ರೊಸೆಸರನ್ನು ರೀಸೆಟ್‌ನಲ್ಲೇ ಹಿಡಿದಿಡಲಾಗಿರುತ್ತದೆ. ಮಿತಿ ಎಂದರೆ ನೂರಕ್ಕೆ ಐದರಷ್ಟು ಮೇಲೆ ಕೆಳಗೆ: 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6, 5ರಲ್ಲಿ 4.75ರಿಂದ 5.25. ವಿದ್ಯುತ್ ಕೈಕೊಡುವ ಲಕ್ಷಣ ಕಂಡರೆ ಎಸ್‌ಎಂಪಿಎಸ್ ಬೂದು ತಂತಿಯನ್ನು ಕೆಳಗಿಳಿಸುತ್ತದೆ. ಅದೇ ಕ್ಷಣ ಪ್ರೊಸೆಸರ್ ನಿಲ್ಲುತ್ತದೆ. ವಿದ್ಯುತ್ ಸರಿಯಾದರೆ ತಂತಿ ಮತ್ತೆ ಏರುತ್ತದೆ, ಯಂತ್ರ ಹೊಸದಾಗಿ ಬೂಟ್ ಆಗುತ್ತದೆ. ನೋಡುವವರಿಗೆ ಕಾಣುವುದು ಇದರ ಕೊನೆ ಮಾತ್ರ. ತಪ್ಪು ವೋಲ್ಟೇಜಿನಲ್ಲಿ ತಪ್ಪು ಲೆಕ್ಕ ಮಾಡಿ ಅದನ್ನು ಡಿಸ್ಕಿಗೆ ಬರೆಯುವುದಕ್ಕಿಂತ ಎಲ್ಲವನ್ನೂ ಬಿಟ್ಟು ಮೊದಲಿನಿಂದ ಶುರುಮಾಡುವುದು ಮೇಲು ಎಂಬ ವಿವೇಕದಿಂದ ಮಾಡಿದ ಏರ್ಪಾಡು ಇದು.

ಗೋಡೆಯ ಸಾಕೆಟ್ಟಿನಲ್ಲಿ ವಿದ್ಯುತ್ ಪೂರ್ತಿ ನಿಂತರೂ ಎಟಿಎಕ್ಸ್ ಎಸ್‌ಎಂಪಿಎಸ್ ಕನಿಷ್ಠ 16 ಮಿಲಿಸೆಕೆಂಡ್ ಪವರ್ ಗುಡ್ ಎನ್ನುತ್ತಲೇ ಇರಬೇಕು. ನಮ್ಮ ದೇಶದ 50 ಹರ್ಟ್ಸ್ ವಿದ್ಯುತ್ತಿನ ಒಂದು ಪೂರ್ಣ ಆವರ್ತನೆಯೇ 20 ಮಿಲಿಸೆಕೆಂಡ್. ಅಂದರೆ ಹೊಸ ಎಸ್‌ಎಂಪಿಎಸ್ ಕೂಡ ಒಂದು ಆವರ್ತನೆಯನ್ನು ಪೂರ್ತಿ ದಾಟಿಸುತ್ತೇನೆಂದು ಭರವಸೆ ಕೊಡುವುದಿಲ್ಲ. ಈ ಸಣ್ಣ ಅವಧಿಗೆ ಬೇಕಾದ ಶಕ್ತಿ ಇರುವುದು ಎಸ್‌ಎಂಪಿಎಸ್ ಒಳಗಿನ ಹೆಬ್ಬೆರಳಿಗಿಂತ ದಪ್ಪನೆಯ ಕೆಪಾಸಿಟರಿನಲ್ಲಿ. ವರ್ಷ ಕಳೆದಂತೆ ಅದರ ಧಾರಣೆ ಕುಗ್ಗುತ್ತದೆ, 16 ಮಿಲಿಸೆಕೆಂಡ್ ಎಂಟಾಗಬಹುದು, ನಾಲ್ಕೂ ಆಗಬಹುದು. ಆಗ ಫ್ರಿಜ್ಜಿನ ಕಂಪ್ರೆಸರೋ ನೀರಿನ ಪಂಪೋ ಶುರುವಾಗುವಾಗಿನ ಕ್ಷಣದ ಇಳಿತವೂ ಸಾಕು. ಬಲ್ಬು ಕಣ್ಣು ಮಿಟುಕಿಸಿದಷ್ಟರಲ್ಲಿ ಹಳೆಯ ಕಂಪ್ಯೂಟರ್ ರೀಸ್ಟಾರ್ಟ್ ಆಗಿರುತ್ತದೆ, ಪಕ್ಕದ ಮೇಜಿನ ಹೊಸ ಕಂಪ್ಯೂಟರ್ ಏನೂ ಆಗದಂತೆ ನಡೆಯುತ್ತಿರುತ್ತದೆ. ಒಂದೇ ಪ್ಲಗ್‌ಪಾಯಿಂಟಿನ ಎರಡು ಯಂತ್ರಗಳಲ್ಲಿ ಒಂದು ಮಾತ್ರ ಬೀಳುತ್ತಿದ್ದರೆ ಬೈಯಬೇಕಾದದ್ದು ಕರೆಂಟನ್ನಲ್ಲ.

ಕರ್ನಾಟಕದ ಊರುಗಳಲ್ಲಿ ಗೋಡೆಗೂ ಕಂಪ್ಯೂಟರಿಗೂ ನಡುವೆ ಯುಪಿಎಸ್ಸೋ ಮನೆಯ ಇನ್ವರ್ಟರೋ ಇರುವುದು ಸಾಮಾನ್ಯ. ಇಲ್ಲಿಯೂ ಎರಡು ಸಂಗತಿ ನೋಡಬೇಕು. ಕಂಪ್ಯೂಟರಿಗೆಂದೇ ಮಾಡಿದ ಸಾಧಾರಣ ಯುಪಿಎಸ್ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಸುಮಾರು 4ರಿಂದ 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಮನೆಯ ಇನ್ವರ್ಟರುಗಳಲ್ಲಿ ಹಿಂಬದಿಯ ಸ್ವಿಚ್ ಯುಪಿಎಸ್ ಮೋಡಿನಲ್ಲಿ ಇಲ್ಲದಿದ್ದರೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನು, ದೀಪಗಳಿಗೆ ಅದು ತೊಂದರೆಯಲ್ಲ, ಕಂಪ್ಯೂಟರಿಗೆ ತೊಂದರೆ. ಇನ್ನೊಂದು, ಬ್ಯಾಟರಿ. ಚಿಕ್ಕ ಯುಪಿಎಸ್ಸಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಸೋತ ಮೇಲೂ ಹಸಿರು ದೀಪ ಉರಿಯುತ್ತಲೇ ಇರಬಹುದು. ಕಂಪ್ಯೂಟರ್ ತೆಗೆದು ಒಂದು 60 ವ್ಯಾಟಿನ ಬಲ್ಬನ್ನು ಯುಪಿಎಸ್ಸಿಗೆ ಹಾಕಿ ಗೋಡೆಯ ಸ್ವಿಚ್ ಆರಿಸಿದರೆ ನಿಜ ತಿಳಿಯುತ್ತದೆ. ಸ್ವಲ್ಪ ಹೊತ್ತೂ ನಿಲ್ಲದಿದ್ದರೆ ಬ್ಯಾಟರಿ ಬದಲಿಸಿದ ಮೇಲೆಯೇ ಬೇರೆ ವಿಚಾರ.

ಎಸ್‌ಎಂಪಿಎಸ್ ಪರೀಕ್ಷಿಸಲು ಮಲ್ಟಿಮೀಟರ್ ಹಿಡಿದು ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಅಳೆಯುವುದು ರೂಢಿ. 11.2 ಎಂದು ತೋರಿಸಿದರೆ ತೀರ್ಪು ಸಿಕ್ಕಿತು. 12.1 ಎಂದು ತೋರಿಸಿದರೆ ಮಾತ್ರ ಎಸ್‌ಎಂಪಿಎಸ್ ಚೆನ್ನಾಗಿದೆ ಎಂದು ಹೇಳುವಂತಿಲ್ಲ, ಏಕೆಂದರೆ ಮಲ್ಟಿಮೀಟರ್ ಸರಾಸರಿಯನ್ನು ಹೇಳುತ್ತದೆ. ಆ 12.1ರ ಮೇಲೆ ಸೆಕೆಂಡಿಗೆ ಸಾವಿರಾರು ಸಲ ಏಳುವ ಬೀಳುವ ಅಲೆಗಳು ಅದಕ್ಕೆ ಕಾಣುವುದಿಲ್ಲ. ಎಟಿಎಕ್ಸ್ ಪ್ರಕಾರ 12 ವೋಲ್ಟಿನ ತಂತಿಯಲ್ಲಿ ಈ ಅಲೆ 120 ಮಿಲಿವೋಲ್ಟ್ ಮೀರಬಾರದು, 5 ಮತ್ತು 3.3ರಲ್ಲಿ 50. ಇದನ್ನು ನೋಡಲು ಆಸಿಲೋಸ್ಕೋಪ್ ಬೇಕು. ಅದಿಲ್ಲದ ಕಡೆ ರಿಪೇರಿ ಅಂಗಡಿಯವರು ಮಾಡುವ ಕೆಲಸವೇ ಸರಿಯಾದದ್ದು: ಚೆನ್ನಾಗಿದೆಯೆಂದು ಗೊತ್ತಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ಕೆಲವು ದಿನ ಬಿಡುವುದು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಕೂಡದು. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ ಉಳಿದಿರಬಹುದು, ಅದು ಪ್ರಾಣ ತೆಗೆಯಬಲ್ಲದು.

ಉಬ್ಬಿದ ಕೆಪಾಸಿಟರ್

ಹಳೆಯ ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಮೊದಲು ಮುಪ್ಪಾಗುವ ಭಾಗಗಳಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಂದು. ಹೊರಗಿನಿಂದ ಅದು ಬೆರಳ ತುದಿಯಷ್ಟು ಎತ್ತರದ ಚಿಕ್ಕ ಅಲ್ಯೂಮಿನಿಯಂ ಡಬ್ಬಿ. ಒಳಗೆ ಎರಡು ಅಲ್ಯೂಮಿನಿಯಂ ಹಾಳೆಗಳು, ನಡುವೆ ದ್ರವದಲ್ಲಿ ನೆನೆದ ಕಾಗದ, ಎಲ್ಲವೂ ಚಾಪೆಯಂತೆ ಸುರುಳಿ ಸುತ್ತಿಕೊಂಡಿವೆ. ಒಂದು ಹಾಳೆಯ ಮೇಲಿರುವ, ಕೆಲವೇ ಹತ್ತು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆಯೇ ವಿದ್ಯುತ್ತನ್ನು ತಡೆಯುವ ಗೋಡೆ. ಕಾಗದ ಒಣಗಿದಂತೆ ಕೆಪಾಸಿಟರಿನ ಧಾರಣೆ ಇಳಿಯುತ್ತದೆ, ಅದರೊಳಗಿನ ರೋಧ ಏರುತ್ತದೆ.

ಆ ರೋಧ ಏರಿದರೆ ಏನಾಗುತ್ತದೆ ಎಂಬುದಕ್ಕೆ ಪ್ರೊಸೆಸರಿನ ಹಸಿವನ್ನು ನೋಡಬೇಕು. 2011ರಲ್ಲಿ ಬಂದ, ಈಗಲೂ ಎಷ್ಟೋ ಮೇಜುಗಳ ಮೇಲಿರುವ ಕೋರ್ ಐ5-2400 ಪ್ರೊಸೆಸರಿನ ಉಷ್ಣ ಮಿತಿ 95 ವ್ಯಾಟ್. ಅದು ಕೆಲಸ ಮಾಡುವುದು ಸುಮಾರು 1.2 ವೋಲ್ಟಿನಲ್ಲಿ. ಹಾಗಾದರೆ ಪೂರ್ತಿ ಕೆಲಸದಲ್ಲಿರುವಾಗ ಅದಕ್ಕೆ 80 ಆಂಪಿಯರ್ ಆಸುಪಾಸಿನ ಕರೆಂಟ್ ಬೇಕು. ಮನೆಯ ಗೀಸರ್ ಎಳೆಯುವುದು ಹತ್ತು ಹದಿನೈದು ಆಂಪಿಯರ್. ಈ ಪ್ರಮಾಣದ ಕರೆಂಟನ್ನು ಪ್ರೊಸೆಸರ್ ನಿಧಾನವಾಗಿ ಕೇಳುವುದಿಲ್ಲ. ಸುಮ್ಮನಿದ್ದ ಸ್ಥಿತಿಯಿಂದ ಮೈಕ್ರೋಸೆಕೆಂಡುಗಳಲ್ಲಿ ಪೂರ್ತಿ ಬೇಡಿಕೆಗೆ ಜಿಗಿಯುತ್ತದೆ. 12 ವೋಲ್ಟನ್ನು 1.2ಕ್ಕೆ ಇಳಿಸುವ ಮಂಡಲ ಎಚ್ಚೆತ್ತುಕೊಳ್ಳುವವರೆಗೆ ಆ ಬೇಡಿಕೆಯನ್ನು ಪೂರೈಸುವುದು ಪ್ರೊಸೆಸರ್ ಸುತ್ತ ಸಾಲಾಗಿ ನಿಂತಿರುವ ಕೆಪಾಸಿಟರುಗಳು. ಅವೆಲ್ಲ ಸೇರಿ 1 ಮಿಲಿಓಮ್ ರೋಧ ತೋರಿದರೆ, 50 ಆಂಪಿಯರಿನ ಜಿಗಿತಕ್ಕೆ 0.05 ವೋಲ್ಟ್ ಇಳಿಯುತ್ತದೆ. ಪ್ರೊಸೆಸರ್ ಅದನ್ನು ತಾಳಿಕೊಳ್ಳುತ್ತದೆ. ಒಣಗಿ ರೋಧ 4 ಮಿಲಿಓಮ್ ಆದಾಗ ಅದೇ ಜಿಗಿತಕ್ಕೆ 0.2 ವೋಲ್ಟ್ ಇಳಿದು, 1.2 ಇದ್ದದ್ದು 1.0 ಆಗುತ್ತದೆ. ಆ ಒಂದು ಕ್ಷಣದಲ್ಲಿ ಟ್ರಾನ್ಸಿಸ್ಟರುಗಳು ಸಮಯಕ್ಕೆ ಸರಿಯಾಗಿ ಬದಲಾಗದೆ ಲೆಕ್ಕ ತಪ್ಪುತ್ತದೆ, ಪ್ರೊಸೆಸರ್ ಒಂದರ ಮೇಲೊಂದು ದೋಷಕ್ಕೆ ಸಿಲುಕಿ ರೀಸೆಟ್ ಆಗುತ್ತದೆ. ಭಾರವಾದ ಕೆಲಸ ಶುರುಮಾಡಿದ ಅಥವಾ ಮುಗಿಸಿದ ಕ್ಷಣವೇ ರೀಸ್ಟಾರ್ಟ್ ಆಗುತ್ತಿದ್ದರೆ ಅನುಮಾನ ಇಲ್ಲಿಗೆ ತಿರುಗಬೇಕು.

ಕೆಪಾಸಿಟರಿನ ಆಯಸ್ಸಿಗೆ ಒಂದು ಸರಳ ಲೆಕ್ಕವಿದೆ. ಡಬ್ಬಿಯ ಮೇಲೆ 105 ಡಿಗ್ರಿ ಎಂದು ಬರೆದಿರುತ್ತದೆ. ಆ ಶಾಖದಲ್ಲಿ ಸಾಮಾನ್ಯ ಮಾದರಿಯೊಂದು 2000 ಗಂಟೆ ಬಾಳುತ್ತದೆ ಎಂದಿಟ್ಟುಕೊಂಡರೆ, ಪ್ರತಿ 10 ಡಿಗ್ರಿ ತಂಪಿಗೆ ಆಯಸ್ಸು ಎರಡರಷ್ಟಾಗುತ್ತದೆ. 65 ಡಿಗ್ರಿಯಲ್ಲಿ 32,000 ಗಂಟೆ. ದಿನಕ್ಕೆ 8 ಗಂಟೆ ನಡೆಯುವ ಕಂಪ್ಯೂಟರಿಗೆ ಅದು ಸುಮಾರು 11 ವರ್ಷ. ಅದೇ ಕೆಪಾಸಿಟರ್ ಪಕ್ಕದ ಹೀಟ್‌ಸಿಂಕಿಗೆ ಧೂಳು ಕಟ್ಟಿ 75 ಡಿಗ್ರಿಯಲ್ಲಿ ಬೇಯುತ್ತಿದ್ದರೆ ಐದೂವರೆ ವರ್ಷ. ಕಲಬುರಗಿ, ರಾಯಚೂರಿನ ಏಪ್ರಿಲ್ ಮೇ ತಿಂಗಳುಗಳಲ್ಲಿ, ಫ್ಯಾನ್ ಮಾತ್ರ ಇರುವ ಕೋಣೆಯಲ್ಲಿ, ಮೇಜಿನ ಕೆಳಗಿನ ಮುಚ್ಚಿದ ಗೂಡಿನಲ್ಲಿ ಇಟ್ಟ ಕ್ಯಾಬಿನೆಟ್ಟಿಗೆ ಈ ಹತ್ತು ಡಿಗ್ರಿ ಸುಲಭವಾಗಿ ಸೇರಿಕೊಳ್ಳುತ್ತದೆ.

2000ರ ದಶಕದ ಮೊದಲ ವರ್ಷಗಳಲ್ಲಿ ಈ ಮುಪ್ಪು ಒಂದು ಪಿಡುಗಾಗಿ ಬಂದಿತ್ತು. ಪ್ರೊಸೆಸರುಗಳ ಹಸಿವು ಬೆಳೆದಂತೆ ಕಡಿಮೆ ರೋಧದ ಕೆಪಾಸಿಟರ್ ಬೇಕಾಯಿತು. ನೀರಿನ ಅಂಶ ಹೆಚ್ಚಿರುವ ದ್ರವ ಬಳಸಿದರೆ ರೋಧ ಕಡಿಮೆಯಾಗುತ್ತದೆ, ಬೆಲೆಯೂ ಇಳಿಯುತ್ತದೆ. ಆದರೆ ನೀರು ಅಲ್ಯೂಮಿನಿಯಂ ಜೊತೆ ವರ್ತಿಸಿ ಹೈಡ್ರೋಜನ್ ಅನಿಲ ಬಿಡುತ್ತದೆ. ಅದನ್ನು ತಡೆಯಲು ದ್ರವಕ್ಕೆ ಸರಿಯಾದ ಪದಾರ್ಥಗಳನ್ನು ಬೆರೆಸಲೇಬೇಕು. ತೈವಾನಿನ ಕೆಲವು ತಯಾರಕರ ದ್ರವದಲ್ಲಿ ಆ ಮಿಶ್ರಣ ಸರಿಯಿರಲಿಲ್ಲ. ಲಕ್ಷಾಂತರ ಬೋರ್ಡುಗಳಲ್ಲಿ ಕೆಪಾಸಿಟರುಗಳು ಒಂದೆರಡು ವರ್ಷದಲ್ಲೇ ಉಬ್ಬಿದವು, ಸೋರಿದವು. ಡೆಲ್ ಕಂಪನಿ ತನ್ನ ಆಪ್ಟಿಪ್ಲೆಕ್ಸ್ ಯಂತ್ರಗಳ ಬೋರ್ಡುಗಳನ್ನು ಸರಿಪಡಿಸಲು 2005ರಲ್ಲಿ 30 ಕೋಟಿ ಡಾಲರ್ ಖರ್ಚನ್ನು ಲೆಕ್ಕದಲ್ಲಿ ತೋರಿಸಬೇಕಾಯಿತು. ಬೋರ್ಡ್ ತಯಾರಕರು ಆಮೇಲೆ ದ್ರವವೇ ಇಲ್ಲದ ಘನ ಪಾಲಿಮರ್ ಕೆಪಾಸಿಟರುಗಳ ಕಡೆ ಹೊರಳಿದರು. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಮಾತ್ರ ಹಳೆಯ ಬಗೆಯ ಡಬ್ಬಿಗಳು ಇನ್ನೂ ಇವೆ.

ಮದರ್‌ಬೋರ್ಡಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಪಕ್ಕದ ತಗಡು ಸರಿಸಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಬೇಕು. ಒಳ್ಳೆಯ ಕೆಪಾಸಿಟರಿನ ತಲೆ ನಾಣ್ಯದಷ್ಟು ಚಪ್ಪಟೆ, ಅದರ ಮೇಲೆ ಕೂಡಿಸುವ ಗುರುತಿನಂತೆಯೋ ಕೆ ಅಕ್ಷರದಂತೆಯೋ ಗೀರಿರುತ್ತದೆ. ಒತ್ತಡ ಹೆಚ್ಚಾದರೆ ಡಬ್ಬಿ ಸಿಡಿಯದೆ ಗೀರಿನ ಗುಂಟ ಬಿರಿಯಲಿ ಎಂದೇ ಅದನ್ನು ಕೆತ್ತಿರುವುದು. ಕೆಟ್ಟದರ ತಲೆ ಉಬ್ಬಿರುತ್ತದೆ, ಬೆರಳಾಡಿಸಿದರೆ ಗುಮ್ಮಟದಂತೆ ತಾಗುತ್ತದೆ. ಇನ್ನೂ ಹದಗೆಟ್ಟಿದ್ದರೆ ಗೀರಿನ ಬಳಿ ಬೆಲ್ಲದ ಪಾಕ ಒಣಗಿದಂತೆ ಕಂದು ಕರೆ ಕಟ್ಟಿರುತ್ತದೆ. ಕೆಲವು ಮೇಲೆ ಉಬ್ಬದೆ ಬುಡದ ರಬ್ಬರನ್ನು ತಳ್ಳಿಕೊಂಡು ಓರೆಯಾಗಿ ನಿಂತಿರುತ್ತವೆ. ಚಪ್ಪಟೆಯಾಗಿದ್ದವೆಲ್ಲ ಆರೋಗ್ಯವಾಗಿವೆ ಎಂದು ಹೇಳುವಂತಿಲ್ಲ, ಸದ್ದಿಲ್ಲದೆ ಒಣಗುವವೂ ಇವೆ. ಅಂಥವನ್ನು ಹಿಡಿಯಲು ಒಂದು ಒಳ್ಳೆಯ ಸುಳಿವು ಇದೆ: ದ್ರವ ತಣ್ಣಗಿದ್ದಾಗ ರೋಧ ಹೆಚ್ಚು, ಬೆಚ್ಚಗಾದಾಗ ಕಡಿಮೆ. ಡಿಸೆಂಬರಿನ ಬೆಳಿಗ್ಗೆ ಮೂರು ನಾಲ್ಕು ಸಲ ರೀಸ್ಟಾರ್ಟ್ ಆಗಿ, ಅರ್ಧ ಗಂಟೆಯ ಮೇಲೆ ದಿನವಿಡೀ ಚೆನ್ನಾಗಿ ನಡೆಯುವ ಯಂತ್ರಕ್ಕೆ ಶಾಖದ ಕಾಯಿಲೆ ಇಲ್ಲ, ಕೆಪಾಸಿಟರಿನ ಕಾಯಿಲೆ ಇದೆ.

ಶಾಖ, ನೆನಪು ಮತ್ತು ಉಳಿದವು

ಶಾಖದ ದೋಷ ಇದಕ್ಕೆ ತಿರುವುಮುರುವು. ಅದು ಯಂತ್ರ ಬಿಸಿಯಾದ ಮೇಲೆ, ಮಧ್ಯಾಹ್ನ, ವಿಡಿಯೋ ಅಥವಾ ಆಟದ ಮಧ್ಯೆ ಬರುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಆಧುನಿಕ ಪ್ರೊಸೆಸರ್ ಕಾದಾಗ ಮೊದಲು ವೇಗ ಇಳಿಸಿಕೊಳ್ಳುತ್ತದೆ, ಆಗಲೂ ತಣಿಯದಿದ್ದರೆ ವಿದ್ಯುತ್ತನ್ನೇ ಕಡಿಯಲು ಬೋರ್ಡಿಗೆ ಸೂಚನೆ ಕೊಡುತ್ತದೆ. ಆಗ ಯಂತ್ರ ಆರಿ ಹೋಗುತ್ತದೆ, ಮತ್ತೆ ಗುಂಡಿ ಒತ್ತುವವರೆಗೆ ಏಳುವುದಿಲ್ಲ. ಆರಿ ಹೋಗುವುದೋ ಆರಿ ಹತ್ತುವುದೋ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಸ್ಪಷ್ಟವಾಗಿ ಬರೆಯಬೇಕಾದದ್ದು ಇದಕ್ಕಾಗಿ. ಈ ರಕ್ಷಣೆ ಮೊದಲಿನಿಂದ ಎಲ್ಲರಲ್ಲೂ ಇರಲಿಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಪತ್ರಿಕೆ ನಡೆಯುತ್ತಿರುವ ಯಂತ್ರಗಳ ಹೀಟ್‌ಸಿಂಕ್ ಕಿತ್ತು ಚಿತ್ರೀಕರಿಸಿದಾಗ ಪೆಂಟಿಯಂ 4 ನಿಧಾನವಾಗಿ ನಡೆಯುತ್ತಲೇ ಇತ್ತು, ಪೆಂಟಿಯಂ 3 ಸ್ಥಗಿತಗೊಂಡಿತು, ಅಥ್ಲಾನ್ ಕ್ಷಣಗಳಲ್ಲಿ ಸುಟ್ಟುಹೋಯಿತು. ಆದರೆ ಈ ರಕ್ಷಣೆ ಇರುವುದು ಪ್ರೊಸೆಸರಿಗೆ. ಪಕ್ಕದ ವೋಲ್ಟೇಜ್ ಮಂಡಲ ಕಾದರೆ ಯಂತ್ರ ರೀಸ್ಟಾರ್ಟ್ ಆಗಬಹುದು, ಹಾಗಾಗಿ ಈ ನಿಯಮವನ್ನು ಸುಳಿವೆಂದು ಮಾತ್ರ ಬಳಸಬೇಕು.

ಎಚ್‌ಡಬ್ಲ್ಯುಮಾನಿಟರಿನಂಥ ಉಚಿತ ಪ್ರೋಗ್ರಾಮ್ ಶಾಖವನ್ನು ತೋರಿಸುತ್ತದೆ. ಏನೂ ಕೆಲಸವಿಲ್ಲದಾಗಲೇ 70 ಡಿಗ್ರಿ ದಾಟಿದ್ದರೆ ಹೀಟ್‌ಸಿಂಕ್ ನೋಡಬೇಕು. ಫ್ಯಾನ್ ತೆಗೆದರೆ ಅದರಡಿ ರೆಕ್ಕೆಗಳ ಮೇಲೆ ಧೂಳು ಕಂಬಳಿಯ ತುಂಡಿನಂತೆ ಒಟ್ಟಿಗೇ ಎದ್ದುಬರುವುದುಂಟು. ಮೇಲಿಂದ ನೋಡಿದರೆ ಅದು ಕಾಣುತ್ತಲೇ ಇರಲಿಲ್ಲ. ಇಂಟೆಲ್ ಜೊತೆಗೆ ಕೊಡುತ್ತಿದ್ದ ಹೀಟ್‌ಸಿಂಕಿಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳಿವೆ, ವರ್ಷಗಳ ಬಿಸಿಗೆ ಅವುಗಳಲ್ಲೊಂದು ಸಡಿಲಾದರೆ ಸಾಕು, ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಎದ್ದು ನಿಲ್ಲುತ್ತದೆ. ನಾಲ್ಕನ್ನೂ ಒತ್ತಿ ನೋಡಬೇಕು. ಹೀಟ್‌ಸಿಂಕ್ ಎತ್ತಿದಾಗ ಹಳೆಯ ಥರ್ಮಲ್ ಪೇಸ್ಟ್ ಗೋಡೆಯ ಸುಣ್ಣದಂತೆ ಉದುರಿದರೆ ಅದನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಕಡಲೆಕಾಳಿನಷ್ಟು ಹೊಸ ಪೇಸ್ಟ್ ಹಾಕಬೇಕು.

ರ‍್ಯಾಮಿನ ಪ್ರತಿಯೊಂದು ಬಿಟ್ ಕೂಡ ಒಂದು ಅತಿ ಚಿಕ್ಕ ಕೆಪಾಸಿಟರ್. ಅದರ ವಿದ್ಯುತ್ ಸೋರುತ್ತಲೇ ಇರುವುದರಿಂದ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. ಕೆಲವು ಕೋಶಗಳು ದುರ್ಬಲವಾಗಿ ಅಷ್ಟು ಹೊತ್ತೂ ತಾಳದಿದ್ದರೆ ಅಲ್ಲಿನ ಮಾಹಿತಿ ಬದಲಾಗುತ್ತದೆ. ಇಂಟೆಲಿನ ಮೇ ಮತ್ತು ವುಡ್ಸ್ 1978ರಲ್ಲಿ ಚಿಪ್ಪಿನ ಹೊದಿಕೆಯಿಂದ ಹೊರಡುವ ಆಲ್ಫಾ ಕಣಗಳೂ ಬಿಟ್‌ಗಳನ್ನು ತಿರುಗಿಸುತ್ತವೆ ಎಂದು ತೋರಿಸಿದ್ದರು. ಅಂದಿನಿಂದ ರ‍್ಯಾಮ್ ತಪ್ಪುಗಳನ್ನು ವಿಕಿರಣದ ತಲೆಗೆ ಕಟ್ಟುವ ಅಭ್ಯಾಸ ಬೆಳೆದಿದೆ. ಗೂಗಲ್ ಸರ್ವರುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತು: ವರ್ಷದಲ್ಲಿ ನೂರಕ್ಕೆ 8ಕ್ಕೂ ಹೆಚ್ಚು ರ‍್ಯಾಮ್ ಪಟ್ಟಿಗಳು ತಪ್ಪು ಮಾಡಿದ್ದವು, ಮತ್ತು ಒಮ್ಮೆ ತಪ್ಪಿದ ಪಟ್ಟಿ ಮತ್ತೆ ತಪ್ಪುವ ಸಾಧ್ಯತೆ ಬಹಳ ಹೆಚ್ಚಿತ್ತು. ಅಂದರೆ ಹೆಚ್ಚಿನ ತಪ್ಪುಗಳು ಆಕಸ್ಮಿಕವಲ್ಲ, ಪಟ್ಟಿಯಲ್ಲೇ ದೋಷವಿದೆ. ಸರ್ವರಿನ ರ‍್ಯಾಮ್ ಇಂಥ ತಪ್ಪನ್ನು ಹಿಡಿದು ತಿದ್ದಿಕೊಳ್ಳುತ್ತದೆ, ಸಾಮಾನ್ಯ ಡೆಸ್ಕ್‌ಟಾಪಿಗೆ ಆ ಸೌಕರ್ಯ ಇಲ್ಲ.

ಪರೀಕ್ಷೆಗೆ ಮೆಮ್‌ಟೆಸ್ಟ್86 ಇದೆ. ಕ್ರಿಸ್ ಬ್ರೇಡಿ 1994ರಲ್ಲಿ ಬರೆದ ಈ ಪ್ರೋಗ್ರಾಮ್ ಪೆನ್‌ಡ್ರೈವಿನಿಂದ ನೇರವಾಗಿ ಬೂಟ್ ಆಗುತ್ತದೆ. ರಾತ್ರಿಯಿಡೀ ಬಿಡಬೇಕು, ಒಂದೇ ಒಂದು ತಪ್ಪು ತೋರಿಸಿದರೂ ಪಟ್ಟಿ ನಪಾಸು. ಆದರೆ ಬಿಸಾಡುವ ಮೊದಲು ಅದನ್ನು ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ಕೊಡವಿ ಮತ್ತೆ ಕೂರಿಸಿ ನೋಡಬೇಕು. ಮಂಗಳೂರು, ಉಡುಪಿಯ ಕಡಲ ಗಾಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಈ ಅಂಚುಗಳು ಮತ್ತು ಸ್ಲಾಟಿನ ಒಳಗಿನ ತಂತಿಗಳು ಬೇಗ ಮಂಕಾಗುತ್ತವೆ. ಹೀಗೆ ಶುಚಿ ಮಾಡಿದ ಮೇಲೂ ಒಂದೇ ಸ್ಲಾಟಿನಲ್ಲಿ ಯಾವ ಪಟ್ಟಿ ಹಾಕಿದರೂ ತಪ್ಪು ಬಂದರೆ ದೋಷ ಬೋರ್ಡಿನದು.

ಮುಂಭಾಗದ ರೀಸೆಟ್ ಗುಂಡಿಯನ್ನು ಬಹಳ ಜನ ಮರೆಯುತ್ತಾರೆ. ಅದರ ಸ್ಪ್ರಿಂಗ್ ಸೋತು, ಒಳಗಿನ ಎರಡು ತಗಡುಗಳು ಕೂದಲೆಳೆಯ ಅಂತರದಲ್ಲಿದ್ದರೆ ಮೇಜಿಗೆ ಕಾಲು ತಾಗಿದಾಗ ಯಂತ್ರ ರೀಸ್ಟಾರ್ಟ್ ಆಗುತ್ತದೆ. ಬೋರ್ಡಿನಿಂದ ರೀಸೆಟ್ ಗುಂಡಿಯ ಎರಡು ತಂತಿಗಳನ್ನು ಕಿತ್ತಿಟ್ಟರೆ ಈ ಅನುಮಾನ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಪೆನ್‌ಡ್ರೈವ್ ಚುಚ್ಚಿದಾಗ ರೀಸ್ಟಾರ್ಟ್ ಆಗುವುದು, ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುವುದು ಅರ್ತಿಂಗ್ ಇಲ್ಲದ ಸಾಕೆಟ್ಟಿನ ಲಕ್ಷಣ; ಎಲೆಕ್ಟ್ರಿಷಿಯನ್ ಕರೆಸಬೇಕು. ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತರೆ ಗಡಿಯಾರ ತಪ್ಪುತ್ತದೆ, ಚಾಲನೆಯಲ್ಲಿರುವ ಯಂತ್ರ ಅದರಿಂದ ರೀಸ್ಟಾರ್ಟ್ ಆಗುವುದು ತೀರ ಅಪರೂಪ. ಹಾರ್ಡ್ ಡಿಸ್ಕ್ ಕೆಟ್ಟರೆ ಯಂತ್ರ ಹೆಚ್ಚಾಗಿ ಹಾಗೇ ನಿಂತುಬಿಡುತ್ತದೆ.

ಬದಲಿಸಿ ಕಾಯುವುದು

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎಸ್‌ಎಂಪಿಎಸ್, ರ‍್ಯಾಮ್, ಪೇಸ್ಟ್ ಮೂರನ್ನೂ ಒಂದೇ ದಿನ ಬದಲಿಸಿದರೆ ಯಂತ್ರ ಸರಿಹೋಗಬಹುದು, ಯಾವುದು ಕೆಟ್ಟಿತ್ತು ಎಂಬುದು ಮಾತ್ರ ಎಂದೂ ತಿಳಿಯುವುದಿಲ್ಲ. ಬದಲಿಸಿದ ಮೇಲೆ ಎಷ್ಟು ದಿನ ಕಾದು ಸರಿಹೋಯಿತು ಎನ್ನಬಹುದು? ಇದಕ್ಕೂ ಲೆಕ್ಕವಿದೆ. ನೋಟ್‌ಬುಕ್ಕಿನ ಪ್ರಕಾರ ಸರಾಸರಿ ಎರಡು ದಿನಕ್ಕೊಮ್ಮೆ, ಹೊತ್ತುಗೊತ್ತಿಲ್ಲದೆ ರೀಸ್ಟಾರ್ಟ್ ಆಗುತ್ತಿತ್ತು ಎನ್ನೋಣ. ರಿಪೇರಿಯಿಂದ ಏನೂ ಆಗದಿದ್ದರೂ, ಬರೀ ಅದೃಷ್ಟದಿಂದ ಮುಂದಿನ ಎರಡು ದಿನ ಸುಮ್ಮನೆ ಕಳೆಯುವ ಸಾಧ್ಯತೆ ನೂರಕ್ಕೆ 37. ನಾಲ್ಕು ದಿನ ಕಳೆಯುವ ಸಾಧ್ಯತೆ ನೂರಕ್ಕೆ 14ರ ಹತ್ತಿರ. ಆರು ದಿನವಾದರೆ 5. ಹಾಗಾಗಿ ಹಿಂದಿನ ಸರಾಸರಿ ಅಂತರದ ಮೂರು ಪಟ್ಟು ಕಾಲ ರೀಸ್ಟಾರ್ಟ್ ಇಲ್ಲದೆ ಕಳೆದರೆ ದೋಷ ಹೋಯಿತೆಂದು ಹೆಚ್ಚುಕಡಿಮೆ ನಂಬಬಹುದು. ಎರಡನೆಯ ದಿನವೇ ಸರಿಹೋಯಿತೆಂದು ಹಣ ಕೊಟ್ಟು ಯಂತ್ರ ಮನೆಗೆ ತಂದು, ಐದನೆಯ ದಿನ ಮತ್ತೆ ಅಂಗಡಿಗೆ ಹೊರುವುದಕ್ಕೆ ಈ ಲೆಕ್ಕ ತಿಳಿಯದಿರುವುದೇ ಕಾರಣ. ಕಾಯುವ ದಿನಗಳಲ್ಲಿ ಯಂತ್ರಕ್ಕೆ ಹಿಂದಿನಷ್ಟೇ ಕೆಲಸ ಕೊಡಬೇಕು. ಬೇಗ ತಿಳಿಯಬೇಕಾದರೆ ಪ್ರೈಮ್95ನಂಥ ಪ್ರೋಗ್ರಾಮನ್ನು ಒಂದೆರಡು ಗಂಟೆ ಓಡಿಸಿ ಪ್ರೊಸೆಸರನ್ನು ಪೂರ್ತಿ ದುಡಿಸಬಹುದು, ಆದರೆ ಕಣ್ಣು ಶಾಖದ ಅಂಕಿಯ ಮೇಲಿರಬೇಕು.

ಎಸ್‌ಎಂಪಿಎಸ್, ರ‍್ಯಾಮ್, ಹೀಟ್‌ಸಿಂಕ್, ಗುಂಡಿ ಎಲ್ಲ ಮುಗಿದರೂ ರೀಸ್ಟಾರ್ಟ್ ನಿಲ್ಲದಿದ್ದರೆ ಉಳಿಯುವುದು ಮದರ್‌ಬೋರ್ಡ್. ಉಬ್ಬಿದ ಕೆಪಾಸಿಟರುಗಳು ಕಣ್ಣಿಗೆ ಕಂಡಿದ್ದರೆ ಅವನ್ನು ಬದಲಿಸಬಹುದು. ಅದೇ ಧಾರಣೆ, ಅದಕ್ಕೆ ಕಡಿಮೆಯಿಲ್ಲದ ವೋಲ್ಟೇಜ್, 105 ಡಿಗ್ರಿ ಗುರುತು, ಕಡಿಮೆ ರೋಧದ ಮಾದರಿ ಆಗಿರಬೇಕು. ಧನ ಋಣ ಅದಲುಬದಲಾದರೆ ಹೊಸ ಕೆಪಾಸಿಟರ್ ಸಿಡಿಯುತ್ತದೆ. ಹಲವು ಪದರಗಳ ಬೋರ್ಡಿನ ತಾಮ್ರ ಶಾಖವನ್ನು ಹೀರಿಕೊಳ್ಳುವುದರಿಂದ ರೇಡಿಯೋ ರಿಪೇರಿಯ ಸಣ್ಣ ಸೋಲ್ಡರಿಂಗ್ ಕಡ್ಡಿ ಇದಕ್ಕೆ ಸಾಲದು, ಪಳಗಿದ ಕೈಯೇ ಬೇಕು. ಪಾಲಿಮರ್ ಕೆಪಾಸಿಟರುಗಳಿರುವ ಬೋರ್ಡಿನಲ್ಲಿ ದೋಷ ಬೆಸುಗೆಯ ಸೂಕ್ಷ್ಮ ಬಿರುಕಿನಲ್ಲೋ ವೋಲ್ಟೇಜ್ ಮಂಡಲದ ಚಿಪ್ಪಿನಲ್ಲೋ ಇರುವ ಸಂಭವ ಹೆಚ್ಚು, ಅದನ್ನು ಹುಡುಕುವ ಖರ್ಚಿನಲ್ಲಿ ಅದೇ ಸಾಕೆಟ್ಟಿನ ಸೆಕೆಂಡ್‌ಹ್ಯಾಂಡ್ ಬೋರ್ಡ್ ಬರುತ್ತದೆ. ಅದಕ್ಕೆ ಹಳೆಯ ಪ್ರೊಸೆಸರ್, ರ‍್ಯಾಮ್, ಡಿಸ್ಕ್, ಹೊಸದಾಗಿ ಕೊಂಡ ಎಸ್‌ಎಂಪಿಎಸ್ ಎಲ್ಲವೂ ಸಾಮಾನ್ಯವಾಗಿ ಹೊಂದುತ್ತವೆ. ಕಳಚಿದ ಬೋರ್ಡನ್ನು ಗುಜರಿಯವರಿಗೆ ಕೊಟ್ಟರೆ ಅದು ಬಯಲಲ್ಲಿ ಸುಟ್ಟು ತಾಮ್ರ ತೆಗೆಯುವವರ ಕೈ ಸೇರಬಹುದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ಹೋಗಬೇಕಾದದ್ದು ನೋಂದಾಯಿತ ಮರುಬಳಕೆ ಘಟಕಕ್ಕೆ.